ಸೌಂದರ್ಯಕ್ಕನ ಬಾಯಲ್ಲಿ ನನ್ನ ಮಾತು

ಈ ಸಭೆಯ ಅಧ್ಯಕ್ಷರಾದ ಶ್ರೀ ಉಜ್ಜಿನಪ್ಪನವರೇ, ಇಂದಿನ ಸನ್ಮಾನಿತರೂ ಮನೆಯಲ್ಲಿ ನನ್ನ ಯಜಮಾನರೂ ಆದ ಶ್ರೀ ಸಿದ್ದಲಿಂಗೇಶ ಮೇಷ್ಟ್ರೇ, ನಮ್ಮ ಗಾಂಧಿನಗರ ಗೆಳೆಯರ ಬಳಗದವರೇ, ಸಿರುಗುಪ್ಪದಿಂದ ಬಸ್ಸು ಹತ್ತಿ ಬಂದಿರುವ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳೇ, ಕುರುಗೋಡಿನಿಂದ ಬಂದು ಹಿಂದಿನ ಸಾಲಿನಲ್ಲಿ ಗುಸುಗುಸು ಮಾತಾಡುತ್ತಿರುವ ನನ್ನ ಹುಡುಗಿಯರೇ, ಸಭಿಕರೇ, ಹಾಗೂ ನನ್ನ ಕುರ್ಚಿಗೂ ನಮ್ಮ ಯಜಮಾನರ ಕುರ್ಚಿಗೂ ನಡುವೆ ಆರಡಿ ಎತ್ತರದ ಫ್ಲೆಕ್ಸಿನಲ್ಲಿ ನಿಂತಿರುವ ಕುಮಾರಿ ಸೌಂದರ್ಯ ಅವರೇ.

ಕೊನೆಯ ಹೆಸರನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. ಬಿಟ್ಟಿದ್ದರೆ ನೀವು ಹೊಟ್ಟೆಕಿಚ್ಚು ಅನ್ನುತ್ತಿದ್ದಿರಿ. ನನಗೆ ಹೊಟ್ಟೆಕಿಚ್ಚಿಲ್ಲ. ಅರವತ್ತು ದಾಟಿದ, ಮಂಡಿ ನೋವಿರುವ, ಮೂವತ್ತು ವರ್ಷ ಕುರುಗೋಡಿನ ಹೆಣ್ಣುಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿದ ಹೆಂಗಸಿಗೆ ಒಂದು ಚಿತ್ರದ ಮೇಲೆ ಹೊಟ್ಟೆಕಿಚ್ಚು ಏಕೆ ಇರಬೇಕು? ನೀವೇ ಹೇಳಿ.

ಅಧ್ಯಕ್ಷರು ನಮ್ಮ ಮನೆಗೆ ಬಂದು, "ಟೀಚರ್, ಮೇಷ್ಟ್ರ ಹಿಂದಿನ ಶಕ್ತಿ ಅಂದ್ರ ನೀವ. ಎರಡು ಮಾತಾಡ್ರಿ ಸಾಕು" ಅಂದರು. ಮಾತಾಡುತ್ತೇನೆ ಅಂದೆ. ಎರಡೇ ಅಂತ ನಾನು ಒಪ್ಪಿಕೊಂಡಿಲ್ಲ. ಅವರು ಈಗಾಗಲೇ ಗಡಿಬಿಡಿಯಲ್ಲಿ ಕಾರ್ಯಕ್ರಮ ಪತ್ರಿಕೆ ನೋಡುತ್ತಿದ್ದಾರೆ. ನೋಡಲಿ.

ಮೇಷ್ಟ್ರ ವಿಷಯ ಗೊತ್ತಿಲ್ಲದವರಿಗಾಗಿ ಹೇಳಬೇಕು. ಇವರು ಸಿರುಗುಪ್ಪದ ಪ್ರೌಢಶಾಲೆಯಲ್ಲಿ ಇತಿಹಾಸ ಹೇಳಿದವರು. ಎಂಥ ದಿನವಾದರೂ ಸರಿ, ಆ ದಿನ ಹಿಂದೆ ಏನಾಗಿತ್ತು ಅಂತ ಹೇಳಬಲ್ಲವರು. ಯುದ್ಧ, ಒಪ್ಪಂದ, ಪಟ್ಟಾಭಿಷೇಕ ಎಲ್ಲವೂ ನಾಲಿಗೆಯ ತುದಿಯಲ್ಲಿ. ನಮ್ಮ ಮದುವೆಯ ದಿನ ಮಾತ್ರ ನಾಲಿಗೆಯ ಬುಡದಲ್ಲಿ ಎಲ್ಲೋ ಇತ್ತು, ಅದಿರಲಿ. ನಿವೃತ್ತಿಯಾದ ಮೇಲೆ ಒಂದು ಟ್ಯಾಬ್ ಕೊಂಡರು. ಅದರ ಮೇಲೆ ಚಿತ್ರ ಬರೆಯುವುದನ್ನು ತಾವೇ ಕಲಿತರು. 'ಇವತ್ತಿಗೆ ಇಷ್ಟು ವರ್ಷ' ಎಂಬ ವೆಬ್ ಕಾಮಿಕ್ ಶುರು ಮಾಡಿದರು. ಅದಕ್ಕೆ ಐದು ವರ್ಷ ತುಂಬಿದ ಸಂತೋಷಕ್ಕೇ ಈ ಸಮಾರಂಭ. ವಾರ್ಷಿಕೋತ್ಸವಗಳ ಮೇಲೆ ಬರೆದ ಕಾಮಿಕ್ಕಿಗೇ ಒಂದು ವಾರ್ಷಿಕೋತ್ಸವ!

ನಾಲ್ಕು ಚೌಕ, ಒಂದು ತಾರೀಖು, ಒಂದು ತಿಂಡಿ. ಇಷ್ಟೇ ಅದರ ಗುಟ್ಟು. ಬಳ್ಳಾರಿಗೆ ಇಂಥ ರಾಜ ಬಂದ ದಿನ, ತಟ್ಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ. ಓಣಿಗೆ ಮೊದಲ ಕುಕ್ಕರ್ ಬಂದ ದಿನ, ಸೀಟಿ ಹೊಡೆದದ್ದಕ್ಕೆ ಅಜ್ಜ ರೈಲು ಬಂತೆಂದು ಚೀಲ ಹಿಡಿದು ಹೊರಟದ್ದು. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ, ಬರಲಾರದು ಎಂಬ ನಂಬಿಕೆಯಿಂದ ಚಹಾ ಕುಡಿಯುತ್ತಾ ಕೂತ ಮೇಷ್ಟ್ರು ಅದನ್ನು ತಪ್ಪಿಸಿಕೊಂಡದ್ದು. ಪ್ರತಿ ಕಂತಿನಲ್ಲೂ ತಿಂಡಿ ಬಡಿಸಿ, ನಗೆಮಾತು ಹೇಳಿ, ಸೆರಗು ಸರಿಮಾಡಿಕೊಳ್ಳುವವಳು ಈ ಸೌಂದರ್ಯ. ನೋಡಿ ಹೇಗಿದ್ದಾಳೆ. ಸೊಂಟ ನೋಡಿ. ಅಷ್ಟು ಒಗ್ಗರಣೆ ತಿಂದು ಯಾರಿಗಾದರೂ ಆ ಸೊಂಟ ಇರುತ್ತದೆಯೇ?

ಈ ಐದು ವರ್ಷ ನಮ್ಮ ಮನೆಯಲ್ಲಿ ಏನಾಗುತ್ತಿತ್ತು ಅಂತ ನಿಮಗೆ ಗೊತ್ತಿಲ್ಲ. ನೌಕರಿಯಲ್ಲಿದ್ದಾಗ ಬೆಳಗಾದರೆ ಅವರು ಸಿರುಗುಪ್ಪದ ಬಸ್ಸಿಗೆ ಓಡುತ್ತಿದ್ದರು, ನಾನು ಕುರುಗೋಡಿನ ಬಸ್ಸಿಗೆ. ಸಂಜೆ ಬಂದರೆ ಇಬ್ಬರಿಗೂ ಮಾತಾಡುವ ತ್ರಾಣವಿರಲಿಲ್ಲ. ಊಟ ಬಡಿಸಲೇ, ಬಡಿಸು, ಉಪ್ಪು ಕಡಿಮೆ, ಹಾಕಿಕೊಳ್ಳಿ. ಇದೇ ನಮ್ಮ ದಾಂಪತ್ಯ. ನಿವೃತ್ತಿಯಾದ ಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಒಂದು ಕುರ್ಚಿ ಹಾಕಿಕೊಂಡು ಕೂರತೊಡಗಿದರು. "ಏನರ ಹೇಳು ಕೊಟ್ರಮ್ಮ" ಅನ್ನುತ್ತಿದ್ದರು. ನಾನು ದೇಶನೂರಿನ ನಮ್ಮ ತವರಿನ ಗದ್ದೆಯ ವಿಷಯ ಹೇಳಿದೆ. ಅಕ್ಕಿ ಉಣ್ಣುವ ಮನೆಯಿಂದ ಜೋಳದ ರೊಟ್ಟಿಯ ಮನೆಗೆ ಬಂದು, ಮೊದಲ ರೊಟ್ಟಿ ಬಡಿದಾಗ ಅದು ಆಂಧ್ರದ ನಕಾಶೆಯ ಆಕಾರಕ್ಕೆ ಬಂದದ್ದು ಹೇಳಿದೆ. ನಮ್ಮ ಅತ್ತೆಯ ಮಾತು ಹೇಳಿದೆ. ಬಳ್ಳಾರಿ ಮದ್ರಾಸಿನ ಕೈಬಿಟ್ಟು ಮೈಸೂರಿಗೆ ಸೇರಿದ ಆ ಐವತ್ತಮೂರನೇ ಇಸವಿಯ ಅಕ್ಟೋಬರ್ ಒಂದರಂದು ಅತ್ತೆ ಉಪ್ಪಿಟ್ಟು ಮಾಡಿದ್ದರಂತೆ. ಹಿಂದಿನ ದಿನವೇ ರವೆ ಹುರಿದಿಟ್ಟಿದ್ದರಂತೆ. ಅದಕ್ಕೆ ನಾನು, "ಹಂಗಾದ್ರ ಅತ್ತಿ ಹುರಿದದ್ದು ಮದ್ರಾಸ್ ಸರಕಾರದಾಗ, ತಿಂದದ್ದು ಮೈಸೂರು ಸರಕಾರದಾಗ. ಹಳಸಲಿಲ್ಲಲ್ಲ, ಪುಣ್ಯ" ಅಂದೆ. ಮೇಷ್ಟ್ರು ಹೊಟ್ಟೆ ಹಿಡಿದು ನಕ್ಕರು. ಮದುವೆಯಾಗಿ ಅಷ್ಟು ವರ್ಷಕ್ಕೆ ನನ್ನ ಮಾತಿಗೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ನಾನು ಅವರ ಕಾಮಿಕ್ ನೋಡುತ್ತಿರಲಿಲ್ಲ. "ಏ, ಅದು ಹೊತ್ತು ಹೋಗಾಕ ಮಾಡೋ ಕೆಲಸ, ನೀ ಏನು ನೋಡ್ತಿ" ಅನ್ನುತ್ತಿದ್ದರು. ನಾನೂ ನಂಬಿದ್ದೆ.

ಹೋದ ವರ್ಷ ಕುರುಗೋಡಿಗೆ ಒಂದು ಮದುವೆಗೆ ಹೋದೆ. ಊಟದ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ನೇತ್ರಾ ಸಿಕ್ಕಳು. ಇಲ್ಲೇ ಕೂತಿದ್ದಾಳೆ, ತಲೆ ತಗ್ಗಿಸಬೇಡವೇ ಹುಡುಗಿ, ತಪ್ಪು ನಿನ್ನದಲ್ಲ. ಎಲೆಯ ಮೇಲೆ ಉಪ್ಪಿಟ್ಟು ಬಿದ್ದದ್ದೇ ಒಬ್ಬಳೇ ಕಿಸಕ್ಕೆಂದು ನಕ್ಕಳು. ಏನೇ ಅಂದೆ.

"ಟೀಚರ್, ಸೌಂದರ್ಯಕ್ಕ ಹೇಳಿದ್ದು ಗೊತ್ತಿಲ್ಲೇನ್ರಿ? ಹುರಿದದ್ದು ಮದ್ರಾಸ್ ಸರಕಾರದಾಗ, ತಿಂದದ್ದು ಮೈಸೂರು ಸರಕಾರದಾಗ!"

"ಅದು ನನ್ನ ಮಾತು" ಅಂದೆ.

"ಎಲ್ಲಾರೂ ಹಂಗ ಅಂತಾರ್ರಿ ಟೀಚರ್. ಸೌಂದರ್ಯಕ್ಕ ಅಷ್ಟು ನಮ್ಮನಿಯಾಕಿ ಅನಸ್ತಾಳ."

ಎಲೆಯ ಮುಂದೆ ಕೂತೇ ಅವಳ ಮೊಬೈಲ್ ಇಸಿದುಕೊಂಡು ನೋಡಿದೆ. ಒಂದೊಂದಾಗಿ ನೋಡಿದೆ. ಆಂಧ್ರದ ನಕಾಶೆಯ ರೊಟ್ಟಿ ಇತ್ತು. ಕುಕ್ಕರ್ ಅಜ್ಜ ಇದ್ದ, ಅವರು ನಮ್ಮ ಅಜ್ಜ. ಎಲ್ಲವೂ ನಾನು ಒಲೆಯ ಮುಂದೆ ಬೆವರು ಒರೆಸಿಕೊಳ್ಳುತ್ತಾ ಹೇಳಿದ್ದು. ಹೇಳುತ್ತಿದ್ದವಳು ಮಾತ್ರ ಬೆವರೇ ಬಾರದ ಈ ಹುಡುಗಿ. ಕೆಳಗೆ ಸಹಿ: ಚಿತ್ರ, ಮಾತು, ಸಿದ್ದಲಿಂಗೇಶ್. ನನಗೆ ಉರಿ ಎದ್ದದ್ದು ಅವಳ ಸೊಂಟಕ್ಕಲ್ಲ, ಸಭಿಕರೇ. ಸ್ವಲ್ಪ ಅದಕ್ಕೂ ಹೌದು. ಆದರೆ ನಿಜವಾಗಿ ಉರಿದದ್ದು ಬೇರೆಯದಕ್ಕೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಾಗ ಇವರು ನನ್ನ ಮಾತು ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಇವರು ಅವಳಿಗಾಗಿ ಕೂಡಿಡುತ್ತಿದ್ದರು.

ಮನೆಗೆ ಬಂದವಳೇ ಕೇಳಿದೆ. "ಯಾರ್ರೀ ಆಕಿ?"

"ಯಾರೂ ಅಲ್ಲ. ಕಲ್ಪನಾ."

"ಕಲ್ಪನಾನೋ ಸೌಂದರ್ಯಾನೋ, ಒಬ್ಬಾಕಿ ಹೆಸರು ಹೇಳ್ರಿ."

"ಅಯ್ಯೋ, ಚಂದದ ಮಾರಿ ಇದ್ರ ಮಂದಿ ನಿಂತು ನೋಡ್ತಾರ ಕೊಟ್ರಮ್ಮ. ಅಷ್ಟ."

ಇತಿಹಾಸದ ಮೇಷ್ಟ್ರು, ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಆಮೇಲೆ ನಾನು ಏನು ಮಾಡಿದೆ? ಅಳಲಿಲ್ಲ. ಮರುದಿನ ಅವರು ಕುರ್ಚಿ ಹಾಕಿಕೊಂಡು ಬಂದು, ಒಗ್ಗರಣೆ ಮಾಡುವ ಬಗೆ ವಿವರವಾಗಿ ಕೇಳಿದರು. ತಿನ್ನುವುದಷ್ಟೇ ಗೊತ್ತು ಅವರಿಗೆ. ನಾನು ಬಹಳ ಪ್ರೀತಿಯಿಂದ ಹೇಳಿದೆ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಹುಣಸೆಹುಳಿ, ಮೇಲೆ ಪುಟಾಣಿ ಪುಡಿ. "ಮಂಡಕ್ಕಿ ಅರ್ಧ ತಾಸು ನೀರಾಗ ನೆನೀಬೇಕ್ರಿ, ಅವಾಗ ರುಚಿ" ಅಂದೆ. ಇಲ್ಲಿ ನಗುತ್ತಿರುವ ಹೆಣ್ಣುಮಕ್ಕಳಿಗೆ ಗೊತ್ತಾಯಿತು. ಮಂಡಕ್ಕಿಯನ್ನು ನೀರಿಗೆ ತೋರಿಸಿ ಹಿಂಡಿ ತೆಗೆಯಬೇಕು. ಅರ್ಧ ತಾಸು ಬಿಟ್ಟರೆ ಗೋಡೆಗೆ ಪೋಸ್ಟರ್ ಅಂಟಿಸಬಹುದು.

ಸೌಂದರ್ಯ ಹಾಗೆಯೇ ಹೇಳಿದಳು. ಹೊಸದಾಗಿ ಅಡುಗೆ ಕಲಿಯುತ್ತಿದ್ದ ಎಷ್ಟೋ ಮನೆಗಳಲ್ಲಿ ಅಂಟು ತಯಾರಾಯಿತು. ಇನ್ನು ಇವಳ ಕಥೆ ಮುಗಿಯಿತು ಅಂತ ನಾನು ಖುಷಿಯಲ್ಲಿ ಎರಡು ಮಿರ್ಚಿ ಜಾಸ್ತಿ ತಿಂದೆ. ಆದದ್ದೇನು? ಮೇಷ್ಟ್ರು ಮರುದಿನದ ಕಂತಿನಲ್ಲಿ ಸೌಂದರ್ಯಳ ಕೈತುಂಬ ಅಂಟು ಬರೆದು, "ಇನ್ನೂ ಕಲಿಯಾಕತ್ತೀನ್ರಿ, ಹೊಟ್ಟಿಗೆ ಹಾಕ್ಕೋರಿ" ಅನ್ನಿಸಿದರು. ಜನ ಮರುಳಾದರು! ನಮ್ಮ ಪಕ್ಕದ ಮನೆಯ ಯಂಕಮ್ಮ ಬಂದು, "ಏನು ಚಂದ ಹುಡುಗಿ ತಾಯಿ, ತಪ್ಪು ಮಾಡಿದ್ರೂ ಮುದ್ದು ಬರ್ತಾಳ" ಅಂದಳು. ನಾನು ತಪ್ಪು ಮಾಡಿದರೆ ಈ ಅರವತ್ತು ವರ್ಷಗಳಲ್ಲಿ ಯಾರಿಗಾದರೂ ಮುದ್ದು ಬಂದಿದೆಯೇ?

ಆಗ ಮಾತು ನಿಲ್ಲಿಸಿದೆ. ಜಗಳವಿಲ್ಲ, ಕೋಪವಿಲ್ಲ, ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಮಾತು ಮಾತ್ರ ಇಲ್ಲ. ಮೇಷ್ಟ್ರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು, ಸಾಸಿವೆ ಸಿಡಿಯುವುದನ್ನು ಕೇಳಿ ಎದ್ದು ಹೋಗುತ್ತಿದ್ದರು. ಕಾಮಿಕ್ಕಿನಲ್ಲಿ ಬರೀ ತಾರೀಖು ಉಳಿಯಿತು. ಇಂಥ ದಿನ ಇಂಥ ಒಪ್ಪಂದ, ಇಂಥ ದಿನ ಇಂಥ ಕಾಯ್ದೆ. ಸೌಂದರ್ಯ ತಟ್ಟೆ ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು. "ಅಕ್ಕಗ ಗಂಟಲು ಕಟ್ಟೈತೇನ್ರಿ?" ಅಂತ ಓದುಗರು ಕೇಳಿದರು. ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ನಿಜ ಹೇಳುತ್ತೇನೆ, ಕೇಳುವವರಿಲ್ಲದೆ ಅಡುಗೆ ಮಾಡುವುದು ನನಗೆ ಮರೆತುಹೋಗಿತ್ತು. ಒಂದೆರಡು ಸಲ ಒಳ್ಳೆಯ ಮಾತು ಬಾಯಿಗೆ ಬಂತು, ನುಂಗಿದೆ. ಖಾರ ನುಂಗಿದ ಹಾಗೆ ಆಯಿತು.

ಹಾಗಾದರೆ ನನ್ನ ಮಾತು ನಾನೇ ಇಟ್ಟುಕೊಂಡು ಏನು ಮಾಡಲಿ? ಕೌಲ್ ಬಜಾರಿನಲ್ಲಿ ಒಂದು ಫ್ಲೆಕ್ಸ್ ಅಂಗಡಿಯಿದೆ. ಅಲ್ಲಿ ವಿನ್ಯಾಸ ಮಾಡುವ ಚೈತ್ರಾ ಎಂಬ ಹೆಣ್ಣುಮಗಳು ನನಗೆ ಪರಿಚಯ. ಅವಳ ಹತ್ತಿರ ಹೋಗಿ, "ನನಗೊಬ್ಬ ಗಂಡಸನ್ನ ಬರೆದುಕೊಡವ್ವ" ಅಂದೆ. ಅಂಗಡಿಯವರೆಲ್ಲ ತಿರುಗಿ ನೋಡಿದರು. ಹೀಗೆ ಹುಟ್ಟಿದವನು ಪ್ರಭುಲಿಂಗ. ನಿವೃತ್ತ ಮೇಷ್ಟ್ರು. ತಲೆತುಂಬ ಕೂದಲು. ಬೆಳಿಗ್ಗೆ ಎದ್ದು ತಾನೇ ಮಂಡಕ್ಕಿ ಹಿಂಡುತ್ತಾನೆ. ಹೆಂಡತಿ ಮಾತಾಡುವಾಗ ಅವಳ ಮುಖ ನೋಡುತ್ತಾನೆ. 'ನಮ್ಮನಿ ಇತಿಹಾಸ' ಎಂದು ಹೆಸರಿಟ್ಟು ವಾರಕ್ಕೊಂದು ಕಂತು ಹಾಕತೊಡಗಿದೆವು. ಚಿತ್ರ ಚೈತ್ರಾ, ಮಾತು ಕೊಟ್ರಬಸಮ್ಮ. ಓದುಗರು ಬಹಳ ಇಲ್ಲ. ಆದರೆ ನಮ್ಮ ಮನೆಯಲ್ಲೇ ಒಬ್ಬರು ಬಿಡದೆ ಓದುತ್ತಿದ್ದಾರೆ ಅಂತ ನನಗೆ ಬೇಗ ಗೊತ್ತಾಯಿತು.

ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಲೆ ಸವರಿಕೊಳ್ಳುತ್ತಾ ಕೇಳಿದರು. "ಅಂವ ಯಾರು, ಆ ಪ್ರಭುಲಿಂಗ?"

"ಯಾರೂ ಅಲ್ರಿ. ಕಲ್ಪನಾ."

ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅವತ್ತು ಎಣ್ಣೆ ತಂದು ತಲೆಗೆ ಹಚ್ಚಿಕೊಂಡರು. ಮರುದಿನ ಪಲ್ಯ ಹೆಚ್ಚಲು ಬಂದು ಬೆರಳು ಕೊಯ್ದುಕೊಂಡರು. ನಾನು ಬೆರಳಿಗೆ ಬಟ್ಟೆ ಸುತ್ತುವಾಗ ತಡೆಯಲಾರದೆ ಕೇಳಿಯೇಬಿಟ್ಟರು.

"ಅಲ್ಲ ಕೊಟ್ರಮ್ಮ, ಇಷ್ಟು ಕಂತು ಆದ್ವು. ನಾ ಅಂದದ್ದು ಒಂದು ಮಾತರ ಅಂವನ ಬಾಯಾಗ ಇಲ್ಲ. ಕದಿಯುವಂಥದ್ದು ನನ್ನ ಹತ್ರ ಏನೂ ಇಲ್ಲೇನು?"

"ಇದ್ದಿದ್ರ ಕದೀತಿದ್ದೆ" ಅಂದೆ.

ಕಠಿಣವಾಯಿತೇ? ಆಯಿತು. ಅವರ ಮುಖ ನೋಡಿ ನನಗೂ ಹಾಗೆನ್ನಿಸಿತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ.

ಮೊನ್ನೆ ಬುಧವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಮೇಷ್ಟ್ರು ಬಂದರು. ಕೈಯಲ್ಲಿ ಟ್ಯಾಬ್ ಇರಲಿಲ್ಲ. ಕುರ್ಚಿಯನ್ನೂ ತರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು, ನನ್ನ ಕಡೆ ನೋಡದೆ, ಹಂಚಿನ ಕಡೆ ನೋಡುತ್ತಾ ಹೇಳಿದರು.

"ನೀ ಮಾತು ಬಿಟ್ಟಾಗ ನನಗ ಟಿಕ್ ಟಿಕ್ ಅಂತ ಏನೋ ಕೇಳಾಕ ಹತ್ತಿತು. ಕಿವಿ ಕೆಟ್ಟಾವೇನೋ ಅಂತ ಡಾಕ್ಟರ್ ಹತ್ರ ಹೋಗಾಕಿದ್ದೆ. ಆಮ್ಯಾಲೆ ನೋಡಿದ್ರ ಗೋಡಿ ಗಡಿಯಾರ. ನಮ್ಮನಿಯಾಗ ಒಂದು ಗಡಿಯಾರ ಐತಿ ಅಂತ ನೀ ಸುಮ್ಮನಾದ ಮ್ಯಾಲ ಗೊತ್ತಾತು."

ಹಂಚಿನ ಮೇಲಿನ ರೊಟ್ಟಿ ಹೊತ್ತಿತು. ನಾನು ತಿರುವಿ ಹಾಕಲಿಲ್ಲ. ಅವರು, "ಇದು ಕಾಮಿಕ್ಕಿಗಲ್ಲ, ಸುಮ್ಮನ ಹೇಳಿದೆ" ಅಂದು ಹೊರಟುಹೋದರು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಮುಗಿಸುತ್ತೇನೆ. ಮೇಷ್ಟ್ರೇ, ಆ ಮಾತು ಸುಮ್ಮನೆ ಬಿಡುವಂಥದ್ದಲ್ಲ. ಕದ್ದಿದ್ದೇನೆ. ಚೈತ್ರಾ ಚಿತ್ರ ಬರೆದು ಮುಗಿಸಿದ್ದಾಳೆ, ನಾಳೆ ಬೆಳಿಗ್ಗೆ ಪ್ರಭುಲಿಂಗ ಅದನ್ನು ಹೇಳುತ್ತಾನೆ. ಚಿತ್ರದ ಕೆಳಗೆ 'ಮಾತು: ಸಿದ್ದಲಿಂಗೇಶ್' ಅಂತ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಹೆಸರು ಬಿಟ್ಟರೆ ಒಳಗೆ ಎಷ್ಟು ಉರಿಯುತ್ತದೆ ಎಂಬುದು ನನಗೆ ಗೊತ್ತು. ಆ ಉರಿ ನಿಮಗೆ ಬೇಡ.

ಎರಡು ಮಾತಿಗೆ ಕರೆದು ಇಷ್ಟನ್ನು ಸಹಿಸಿಕೊಂಡ ಬಳಗದವರಿಗೆ, ಬಿಸಿಲಲ್ಲಿ ಬಂದ ಸಿರುಗುಪ್ಪ, ಕುರುಗೋಡಿನ ಮಕ್ಕಳಿಗೆ, ಹೊರಗೆ ಮಿರ್ಚಿ ಕರಿಯುತ್ತಾ ನಮಗಾಗಿ ಕಾದಿರುವವರಿಗೆ ನನ್ನ ಕೃತಜ್ಞತೆಗಳು. ನಮಸ್ಕಾರ.