ಎಡಗಾಲಿನ ಬ್ರೇಕು

ಅಯ್ಯೋ, ಒಂದ್ಸಲ ತುಳ್ದು ಬುಟ್ಬುಡದಲ್ಲ ಕಣಪ್ಪ! ಇದೇನ್ ನಿನ್ನ ಮಗ್ಗದ ಕಾಲ್ಮಣೆನಾ? ಆಕ್ಸಿಲೇಟರು. ತುಳ್ದು ಇಡ್ಕಂಡಿರ್ಬೇಕು. ನೀನು ತುಳ್ದು ಬುಟ್ಟು, ತುಳ್ದು ಬುಟ್ಟು ಮಾಡುದ್ರೆ ಕಾರು ಕುಪ್ಪಳಿಸ್ಕಂಡು ಓಯ್ತದೆ. ಅಗೋ, ಗೋಡೆಗೆ ಗುದ್ದೇಬುಟ್ಟೆ.

ನಗು, ನಗು. ಟಿವಿ ಒಳಗೆ ಗುದ್ದಿದ್ದು, ಯಾರೂ ದಂಡ ಕೇಳಾಕಿಲ್ಲ. ಆದ್ರೆ ಸೀಟು ದಡ್ ಅಂದ್ತಲ್ಲ, ಗೊತ್ತಾಯ್ತಾ? ಅದೇ ನಾನ್ ಯೋಳ್ತಿದ್ದದ್ದು. ಸೀಟಿನ ಕೆಳಗೊಂದು, ಪೆಡಲ್ ಕೆಳಗೊಂದು, ಸ್ಪೀಕರ್ ಥರದ ಡಬ್ಬಿ ಕಟ್ಟಿವ್ನಿ. ಅದು ಕೂಗಾಕಿಲ್ಲ, ನಡುಗ್ತದೆ ಅಷ್ಟೆ. ಇಂಜಿನ್ ಸುಮ್ನೆ ನಿಂತಿದ್ರೆ ಒಂಥರ, ಜೋರಾಗ್ ಓಡುದ್ರೆ ಇನ್ನೊಂಥರ. ಗೇರ್ ಬದಲಾಯ್ಸುದ್ರೆ ಅಂಗಾಲಿಗೇ ಬಡೀತದೆ. ರೇಸ್ ಆಡೋರು ಕಣ್ಣಲ್ಲಿ ಓಡ್ಸಾಕಿಲ್ಲ ಕಣಪ್ಪ, ಅಂಗಾಲಲ್ಲಿ ಓಡುಸ್ತಾರೆ.

ಏನು? ಆಟಕ್ಕೆ ಇಷ್ಟೆಲ್ಲಾನಾ ಅಂತೀಯಾ? ಅವ್ವನೂ ಅದೇ ಅಂದ್ಲು. ಹನೂರಿನ ಗುಜರಿ ಅಂಗಡಿಯಿಂದ ಈ ಸೀಟ್ನ ಬಸ್ಸಲ್ಲಿ ಒತ್ಕಂಡ್ ಬಂದಾಗ, 'ನಮ್ ಲಿಖಿತಾ ಕಾರಿಲ್ದೆ ಕಾರ್ ಸೀಟ್ ತಂದವ್ಳೆ ಕಣ್ರವ್ವಾ' ಅಂತ ಬೀದಿಗೆಲ್ಲಾ ಸಾರುದ್ಲು. ಆ ಕಂಡಕ್ಟರು ಬೇರೆ, ಸೀಟಿಗೂ ಟಿಕೆಟ್ ತಗೋ ಅಂದ.

ಸರಿ, ಈಗ ಬ್ರೇಕು. ರೇಸಲ್ಲಿ ಅದ್ನ ಎಡಗಾಲಲ್ಲಿ... ಯಾಕೆ ಮುಖ ಆ ಕಡೆ ತಿರುಗುಸ್ತೀಯ? ಲಕ್ವ ಒಡ್ದದ್ದು ಓದ್ ವರ್ಸ. ಕಾಲಿಗೆ ಬಲ ಬಂದದೆ, ನಿಮ್ಗೇ ಧೈರ್ಯ ಬಂದಿಲ್ಲ ಅಂತ ಡಾಕ್ಟ್ರು ನಿನ್ನೆದುರ್ಗೇ ಯೋಳ್ಳಿಲ್ವಾ? ನೀನು ಎಡಗಾಲು ನಂದಲ್ಲ ಅನ್ಕಂಡು, ಮಗ್ಗನೇ ಯಳಂದೂರಿನ ಕೆಂಪನಂಜಪ್ಪಂಗೆ ಕೊಡ್ತೀನಿ ಅಂದ್ಬುಟ್ಟೆ. ಇವತ್ತು ಲಗೇಜ್ ಆಟೋ ತಕಂಡ್ ಬತ್ತಾನಂತೆ. ಬರ್ಲಿ ಬುಡು. ನಾನೇನಾರ ಬ್ಯಾಡ ಅಂದ್ನಾ? ನಂಗೇನೂ ಬೇಜಾರಿಲ್ಲ. ನೀನು ಈ ಕಾರ್ ಓಡ್ಸು, ಸಾಕು.

ಇರು, ಬೇರೆ ಗಾಡಿ ಆಕ್ತೀನಿ. ಹಳೇದು, ನಿಧಾನಕ್ಕೆ ಓಯ್ತದೆ. ಟಿವಿ ಆಫ್ ಮಾಡ್ದೆ. ಕಣ್ಮುಚ್ಕೊ. ಎಲ್ಡು ಪೆಡಲ್ ಮೇಲೂ ಕಾಲ್ ಮಡುಗು. ಊಂ, ಎಡಗಾಲೂ. ತುಳೀಬ್ಯಾಡ, ಸುಮ್ನೆ ಮಡುಗು.

ಬಂತಾ? ಟಕ್ಕು... ದಡ್. ಟಕ್ಕು... ದಡ್. ಯಾವ್ ಕಂಪ್ನಿ ಗಾಡಿ, ಯೋಳು ನೋಡ್ವ.

ಅಪ್ಪ?

ಕಣ್ ಬುಟ್ಟು ನನ್ನೇ ನೋಡ್ತಿದೀಯಲ್ಲ...

ಗೊತ್ತಾಗೋಯ್ತು ನಿಂಗೆ. ಸರಿ, ಇಂಜಿನ್ ಅಲ್ಲ ಕಣಪ್ಪ. ನೀನು ಕಾಯಿಲೆ ಬೀಳಾಕ್ ಮುಂಚೆ, ಮೇಘನಕ್ಕನ ಮದ್ವೆ ಸೀರೆ ನೇಯ್ವಾಗ, ಮಗ್ಗದ ಮೇಲೆ ಫೋನ್ ಮಡುಗಿ ವಿಡಿಯೋ ಮಾಡಿರ್ಲಿಲ್ವಾ ನಾನು? ಆ ಸದ್ದು. ನಿನ್ ಲಾಳಿ, ನಿನ್ ಕಾಲು. ಅದನ್ನೇ ಡಬ್ಬಿಗ್ ಆಕಿವ್ನಿ. ಬೇಜಾರಿಲ್ಲ ಅಂದದ್ದು ಸುಳ್ಳು. ಉಟ್ಟಿದಾಗಿಂದ ಆ ಸದ್ದು ಕೇಳ್ಕಂಡೇ ಮನಗಿರೋಳು ನಾನು. ಮಗ್ಗ ಓದ್ರೆ ಈ ಮನೇಲಿ ನಂಗೆ ನಿದ್ದೆ ಬರಾಕಿಲ್ಲ.

ಬೇಕಾದ್ರೆ ಬಯ್ಯಿ.

ಅಪ್ಪ, ಎಡಗಾಲು. ಬಗ್ಗಿ ನೋಡ್ಬ್ಯಾಡ, ಅಂಗೇ ಇರ್ಲಿ. ಬಲ ಆದ್ಮೇಲೆ ಎಡ... ತಾನಾಗೇ ತುಳೀತಾ ಅದೆ.

ಆರ್ನ್ ಕೇಳುಸ್ತಾ? ಕೆಂಪನಂಜಪ್ಪ ಬಂದ. ಏನ್ ಯೋಳ್ಳಿ ಅವ್ನಿಗೆ? ಕಾಲಂತೂ ನಿಲ್ಸಾಕಿಲ್ಲ ನೀನು. ಆಯ್ತು, ತುಳೀತಿರು. ಮಗ್ಗ ಖಾಲಿ ಇಲ್ಲ ಅಂತ ಯೋಳ್ಬುಟ್ ಬತ್ತೀನಿ.