ಕೇಳಿಸದ ಖಾಲಿ ಜಾಗ

ಬೆಳಿಗ್ಗೆ ಹೆಬ್ಬಾಳದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ತಾಯಿ ಮಗಳು ಕೂತಿದ್ದರು. ಮಗಳು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್ ಓದುತ್ತಾ, ಅದೇ ಕಾಲೇಜಿನ ಮೊದಲ ವರ್ಷದವರಿಗೆ ಪಾಠವನ್ನೂ ಮಾಡುತ್ತಾಳೆಂದು ಮಾತಿನಿಂದಲೇ ತಿಳಿಯಿತು.

“ನಿನ್ನೆ ಯಾಕೆ ಮಿತ್ರ, ಕಣ್ಣಿಗೆ ಬಟ್ಟೆ ಕಟ್ಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದೆ?” ತಾಯಿ ಮಗಳನ್ನು ಕೇಳಿದರು.

“ನನ್ನ ಕ್ಲಾಸಲ್ಲಿ ಶಶಿಕಲಾ ಅಂತ ಇದ್ದಾಳೆ ಕಣವ್ವ, ಅವಳಿಗೆ ಕಣ್ಣು ಕಾಣಲ್ಲ. ಕಂಪ್ಯೂಟರ್ ಓದಿ ಹೇಳೋದನ್ನ ಕೇಳ್ಕೊಂಡೇ ಪ್ರೋಗ್ರಾಂ ಬರೀತಾಳೆ. ಟೆಸ್ಟಲ್ಲಿ ಅವಳ ಪ್ರೋಗ್ರಾಂ ಓಡ್ಲಿಲ್ಲ. ಸೊನ್ನೆ ಕೊಟ್ಬುಟ್ಟೆ.”

“ತಪ್ಪು ಬರ್ದಿದ್ಲಾ?”

“ಅಕ್ಷರ ಒಂದೂ ತಪ್ಪಿರ್ಲಿಲ್ಲ. ಸಾಲಿನ ಮೊದ್ಲು ಬಿಡೋ ಖಾಲಿ ಜಾಗ ಹೆಚ್ಚುಕಮ್ಮಿ ಆಗಿತ್ತು, ಅಷ್ಟೆ. ಅದು ಸರಿ ಇಲ್ದಿದ್ರೆ ಪ್ರೋಗ್ರಾಂ ಓಡಲ್ಲ. ಆ ಜಾಗನ ನಮ್ಮ ಕಂಪ್ಯೂಟರ್ ಓದಿ ಹೇಳೋದೇ ಇಲ್ಲ. ನಿನ್ನೆ ಕಣ್ಣು ಕಟ್ಕೊಂಡು ನಾನೇ ಕೇಳಿಸ್ಕೊಂಡ ಮೇಲೆ ಗೊತ್ತಾಯ್ತು.”

“ಈಗೇನ್ ಮಾಡ್ತೀಯ?”

“ಒಂದೊಂದು ಖಾಲಿ ಜಾಗಕ್ಕೂ ಟಿಕ್ ಅಂತ ಸದ್ದು ಮಾಡೋ ಪ್ರೋಗ್ರಾಂ ಬರ್ದಿದ್ದೀನಿ. ಅವಳೊಬ್ಬಳನ್ನೇ ಸ್ಟಾಫ್ ರೂಮಿಗೆ ಕರ್ದು ಕೊಡ್ತೀನಿ. ಇನ್ನೊಂದ್ಸಲ ಟೆಸ್ಟ್ ತಗೋತೀನಿ.”

“ಸೊನ್ನೆ ಅಂತ ಎಲ್ಲಿ ಹೇಳಿದ್ದೆ?”



“ಕ್ಲಾಸಲ್ಲಿ. ಎಲ್ಲರ ಮುಂದೆ.”

“ಅಂಗಾರೆ ಸೊನ್ನೆ ಕೊಟ್ಟಿದ್ದು ತಪ್ಪು ಅಂತಾನೂ ಅಲ್ಲೇ ಹೇಳು.”

“ಎಲ್ಲಾ ನಗ್ತಾರವ್ವ. ನಾನು ಪಾಠ ಶುರು ಮಾಡಿ ಮೂರೇ ತಿಂಗ್ಳು.”

“ಅವತ್ತು ಆ ಮಗೀನ ನೋಡಿ ಯಾರೂ ನಗ್ಲಿಲ್ವಾ?”

ಕಾಲೇಜಿನ ಸ್ಟಾಪ್ ಹತ್ತಿರವಾಗುತ್ತಿದ್ದಂತೆ ಮಗಳು ಬ್ಯಾಗು ಹೆಗಲಿಗೇರಿಸಿ ಎದ್ದಳು.

“ಮೊದಲ್ನೇ ಪೀರಿಯಡ್ಡೇ ಅವರ ಕ್ಲಾಸು. ಹಾಜರಿ ಕರೆಯೋಕೂ ಮುಂಚೆ ಹೇಳ್ಬುಡ್ತೀನಿ,” ಎಂದು ಇಳಿದು ಹೋದಳು.