ಫಿಯಟ್‌ನೊಳಗಿನ ಹೊಸ ಸ್ಟೀರಿಯೋ

ಸಿರುಗುಪ್ಪದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ತಾಯಿ, ಮಗಳು ಕೂತಿದ್ದರು.

“ಅವ್ವಾ, ಫಿಯಟ್‌ನಾಗ ನಾ ಹೊಸ ಸ್ಟೀರಿಯೋ ಕೂಡ್ರಿಸಿದ್ದು ಅಪ್ಪಗ ಹೇಳಿಲ್ಲಲ್ಲ?”

“ಇಲ್ಲವಾ ಅಂಜನಾ. ಡ್ಯಾಶ್‌ಬೋರ್ಡ್ ಕೊರೆಸಿಲ್ಲಲ್ಲ? ಆ ಕಾರಂದ್ರ ಅವರಿಗೆ ಜೀವ.”

“ಒಂದು ತೂತೂ ಹೊಡಿಸಿಲ್ಲ. ಸೆಟ್ ಸೀಟಿನ ಕೆಳಗೈತಿ. ಹಳೇ ರೇಡಿಯೋದ ಗುಂಡಿ ತಿರುವಿದ್ರ ಹಾಡು ಬರತೈತಿ.”

“ಮೂವತ್ತು ವರ್ಷ ಸುಮ್ಮನಿದ್ದ ರೇಡಿಯೋ!”

“ಅದು ತಾನಾಗೇ ಸರಿಹೋತು ಅಂತ ಅಪ್ಪ ತೆಕ್ಕಲಕೋಟೆ ತುಂಬ ಹೇಳ್ಯಾನ.”

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ನಿನ್ನೆ ಅವರೇ ಫೋನು ಆ ಸೀಟಿನ ಕೆಳಗಿನ ಸೆಟ್ಟಿಗೆ ಜೋಡಿಸಿಕೊಂಡ್ರು. ‘ಅಂಜನಾಗ ಹೇಳಬ್ಯಾಡ, ನನಗ ಗೊತ್ತಿಲ್ಲಂತ ಖುಷಿಯಾಗ್ಯಾಳ’ ಅಂದ್ರು.”

ಮಗಳು ತಾಯಿಯ ಕಡೆ ತಿರುಗಿದಳು.

“ಹಂಗಾರ ನೀನು ನನಗ ಏನೂ ಹೇಳಿಲ್ಲ ಬಿಡವ್ವಾ.”

ತೆಕ್ಕಲಕೋಟೆ ಬಂತು. ಇಬ್ಬರೂ ನಗು ತಡೆದುಕೊಳ್ಳುತ್ತ ಇಳಿದರು.